ಇಂಡಿಯಾ ಕೋಡ್: ಇಂದು ಜಾರಿಯಲ್ಲಿರುವ ಕಾನೂನನ್ನು ಉಚಿತವಾಗಿ ಓದುವುದು ಹೇಗೆ?

ಬಾಡಿಗೆ ತಕರಾರು, ಚೆಕ್ ಬೌನ್ಸ್, ಪೊಲೀಸ್ ನೋಟಿಸ್, ಯಾವುದೇ ಇರಲಿ, ಗೂಗಲ್ ಮಾಡಿದರೆ ಮೊದಲು ಸಿಗುವುದು ಯಾರೋ ಬರೆದ ಸಾರಾಂಶ. ಕಾನೂನಿನ ಮೂಲ ಪಠ್ಯವೇ ಬೇಕಿದ್ದರೆ ಕೇಂದ್ರ ಕಾನೂನು ಸಚಿವಾಲಯದ 'ಇಂಡಿಯಾ ಕೋಡ್' ತಾಣ (ಇಂಡಿಯಾಕೋಡ್ ಡಾಟ್ ಎನ್‌ಐಸಿ ಡಾಟ್ ಇನ್) ಇದೆ. ಕೇಂದ್ರ ಮತ್ತು ರಾಜ್ಯಗಳ ಕಾಯ್ದೆಗಳು ಇಲ್ಲಿ ಸಿಗುತ್ತವೆ. ಶುಲ್ಕವಿಲ್ಲ, ಲಾಗಿನ್ ಕೂಡ ಬೇಕಿಲ್ಲ.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಭಾರತೀಯ ಕ್ರಿಶ್ಚಿಯನ್ ವಿವಾಹ ಕಾಯ್ದೆ-1872ರ ಓದಬಲ್ಲ ಪ್ರತಿಗಾಗಿ ಬೆಂಗಳೂರಿನ ಕಾನೂನು ವಿದ್ಯಾರ್ಥಿಯೊಬ್ಬರು ಆರ್‌ಟಿಐ ಅರ್ಜಿ ಹಾಕಬೇಕಾಯಿತು. ಆ ಪ್ರಕರಣ 2015ರಲ್ಲಿ ಕೇಂದ್ರ ಮಾಹಿತಿ ಆಯೋಗದವರೆಗೂ ಹೋಯಿತು. ಕಾನೂನು ಗೊತ್ತಿರಲಿಲ್ಲ ಎಂದರೆ ಕೋರ್ಟ್ ಒಪ್ಪುವುದಿಲ್ಲ. ಹಾಗಿದ್ದ ಮೇಲೆ ಅದನ್ನು ಓದಲು ಸಿಗುವಂತೆ ಮಾಡುವುದು ಸರ್ಕಾರದ ಕೆಲಸ ತಾನೇ?

ಹಳೆಯ ಪಠ್ಯ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಐಟಿ ಕಾಯ್ದೆಯ ಸೆಕ್ಷನ್ 66ಎ ಸಾಕ್ಷಿ. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು. ಆದರೂ ಆನ್‌ಲೈನ್ ಪೋಸ್ಟ್‌ಗಳಿಗಾಗಿ ಅದೇ ಸೆಕ್ಷನ್‌ನಡಿ ಎಫ್‌ಐಆರ್‌ಗಳು ದಾಖಲಾಗುತ್ತಲೇ ಇದ್ದವು. 2021ರಲ್ಲಿ ಇದನ್ನು ಕೇಳಿ ಕೋರ್ಟ್ ಆಘಾತ ವ್ಯಕ್ತಪಡಿಸಿತು. ಕಾಯ್ದೆಯ ಪುಸ್ತಕದಲ್ಲಿ ಸೆಕ್ಷನ್ ಪೂರ್ತಿಯಾಗಿ ಹಾಗೇ ಇದೆ, ರದ್ದಾಗಿರುವುದು ಅಡಿಟಿಪ್ಪಣಿಯಲ್ಲಿ ಮಾತ್ರ ಇದೆ ಎಂದು ಅಂದಿನ ಅಟಾರ್ನಿ ಜನರಲ್ ಕೆ.ಕೆ.ವೇಣುಗೋಪಾಲ್ ವಿವರಿಸಿದ್ದರು. ಈ ಸೆಕ್ಷನ್‌ನಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದು ಎಂದು 2022ರ ಅಕ್ಟೋಬರ್‌ನಲ್ಲಿ ಕೋರ್ಟ್ ಮತ್ತೆ ಹೇಳಬೇಕಾಯಿತು.

ಹಾಗಾಗಿ ಅಡಿಟಿಪ್ಪಣಿ ಬಿಡದೆ ಓದಿ. ಯಾವ ತಿದ್ದುಪಡಿ, ಯಾವಾಗಿನಿಂದ ಜಾರಿ ಎಂಬುದು ಅಲ್ಲೇ ಇರುತ್ತದೆ. ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿದ್ದು 2024ರ ಜುಲೈ 1ರಂದು; ಅದಕ್ಕೂ ಹಿಂದಿನ ಘಟನೆಯಾದರೆ ಐಪಿಸಿಯನ್ನೇ ನೋಡಬೇಕು. ಪಠ್ಯದ ಬಗ್ಗೆ ತಕರಾರು ಬಂದರೆ ಗೆಜೆಟ್‌ನಲ್ಲಿ ಪ್ರಕಟವಾದದ್ದೇ ಅಂತಿಮ.

ಮುಂಬೈ, ಪುಣೆಯಲ್ಲಿ ಬಾಡಿಗೆಗೆ ಇರುವವರು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ-1999ರ ಸೆಕ್ಷನ್ 55 ಒಮ್ಮೆ ತೆರೆದು ನೋಡಿ. ಬಾಡಿಗೆ ಕರಾರು ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದ್ದು ಎಂದು ಅದರಲ್ಲಿದೆ. ಊರಿನ ಜಮೀನಿನ ವಿಷಯವಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ-1964 ಬೇಕಾಗುತ್ತದೆ. ಕರ್ನಾಟಕದ ಕಾಯ್ದೆಗಳನ್ನು ಕನ್ನಡದಲ್ಲೇ ಓದಬೇಕಿದ್ದರೆ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣಕ್ಕೆ ಹೋಗಿ.