ಬಾರ್ ನಿರ್ವಹಣೆಯ ಕಲಿಕೆ: ಇತಿಹಾಸ

ಗಿರಾಕಿಗಳನ್ನು ಕೂರಿಸಿ ಮದ್ಯ ಮತ್ತು ಇತರ ಪಾನೀಯಗಳನ್ನು ಕೊಡುವ ಉದ್ಯಮವನ್ನು ನಡೆಸುವ ವಿದ್ಯೆಗೆ ಬಾರ್ ನಿರ್ವಹಣೆ ಎಂದು ಹೆಸರು. ಖರೀದಿ, ದಾಸ್ತಾನು, ಅಳತೆ, ಬೆಲೆ ನಿಗದಿ, ಸೇವೆ, ಸಿಬ್ಬಂದಿ, ಹಣದ ಲೆಕ್ಕ, ಅಬಕಾರಿ ಕಾನೂನಿನ ಪಾಲನೆ ಇವೆಲ್ಲ ಅದರ ಅಂಗಗಳು. ಈ ವಿದ್ಯೆಯನ್ನು ಕಲಿಸಿದ ಬಗೆಯ ಇತಿಹಾಸ ಸಾಮಾನ್ಯವಾಗಿ ಕಾಕ್‌ಟೇಲ್‌ಗಳ ಇತಿಹಾಸದೊಳಗೆ ಕರಗಿಹೋಗಿದೆ. ಯಾವ ಪಾನೀಯವನ್ನು ಯಾರು ಮೊದಲು ಬೆರೆಸಿದರು ಎಂಬುದಕ್ಕೆ ಪುಟಗಟ್ಟಲೆ ಬರಹವಿದೆ. ಬಾರನ್ನು ನಡೆಸುವುದನ್ನು ಜನ ಹೇಗೆ ಕಲಿತರು ಎಂಬುದಕ್ಕೆ ಸಾಲುಗಳಷ್ಟೇ ಸಿಗುತ್ತವೆ. ಬೆರೆಸುವ ಕೈಚಳಕ ಬೇರೆ, ನಡೆಸುವ ವಿದ್ಯೆ ಬೇರೆ. ಈ ಲೇಖನ ಎರಡನೆಯದರ ಜಾಡನ್ನು ಹಿಡಿಯುತ್ತದೆ.

ಪ್ರಾಚೀನ ಉಲ್ಲೇಖ: ಸುರಾಧ್ಯಕ್ಷ

ಪಾನಗೃಹದ ಆಡಳಿತವನ್ನು ವಿವರವಾಗಿ ಹೇಳುವ ಹಳೆಯ ಭಾರತೀಯ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಅದು ಬೆಳಕಿಗೆ ಬಂದದ್ದು ಕರ್ನಾಟಕದಲ್ಲಿ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದಿದ್ದ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿ 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು.

ಗ್ರಂಥದ ಎರಡನೆಯ ಅಧಿಕರಣದ 25ನೇ ಅಧ್ಯಾಯ ಮದ್ಯದ ಉಸ್ತುವಾರಿ ಅಧಿಕಾರಿಯಾದ ಸುರಾಧ್ಯಕ್ಷನಿಗೆ ಮೀಸಲು. ಅಂಗಡಿಗಳು ಒಂದಕ್ಕೊಂದು ಒತ್ತಾಗಿ ಇರಬಾರದು. ಕುಡುಬ, ಪ್ರಸ್ಥ ಮುಂತಾದ ಅಳತೆಯಲ್ಲಿ ಸ್ವಲ್ಪ ಸ್ವಲ್ಪವಾಗಿಯೇ, ನಡತೆ ಶುದ್ಧವೆಂದು ತಿಳಿದವರಿಗೆ ಮಾತ್ರ ಹೊರಗೆ ಒಯ್ಯಲು ಕೊಡಬೇಕು. ಪಾನಗೃಹದಲ್ಲಿ ಹಲವು ಕೋಣೆಗಳು, ಬೇರೆ ಬೇರೆ ಹಾಸಿಗೆ, ಆಸನ, ಗಂಧ, ಹೂಮಾಲೆ, ನೀರು ಇರಬೇಕು. ಯಾರು ಮಾಮೂಲಿಗಿಂತ ಹೆಚ್ಚು ಖರ್ಚು ಮಾಡುತ್ತಿದ್ದಾರೆಂದು ಗೂಢಚಾರರು ಗಮನಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ವಿಧಿ ಇನ್ನೊಂದಿದೆ. ಅಮಲಿನಲ್ಲಿದ್ದ ಗಿರಾಕಿ ತನ್ನ ಒಡವೆ, ವಸ್ತ್ರ ಅಥವಾ ಹಣ ಕಳೆದುಕೊಂಡರೆ ಆ ನಷ್ಟವನ್ನು ಅಂಗಡಿಯವನೇ ತುಂಬಿಕೊಡಬೇಕು, ದಂಡವನ್ನೂ ತೆರಬೇಕು.

ಈ ಅಧ್ಯಾಯವನ್ನು ಬಳಸುವಾಗ ಎರಡು ಎಚ್ಚರ ಬೇಕು. ಮೊದಲನೆಯದು ಕಾಲ. ಗ್ರಂಥ ಮೌರ್ಯರ ಕಾಲದ್ದೆಂಬುದು ಹಳೆಯ ಅಭಿಪ್ರಾಯ. ಥಾಮಸ್ ಟ್ರೌಟ್‌ಮನ್ 1971ರ ಅಧ್ಯಯನದಲ್ಲಿ ಅದರಲ್ಲಿ ಒಬ್ಬರಿಗಿಂತ ಹೆಚ್ಚು ಕರ್ತೃಗಳ ಕೈ ಇದೆಯೆಂದು ವಾದಿಸಿದರು. ಪ್ಯಾಟ್ರಿಕ್ ಒಲಿವೆಲ್ 2013ರ ಅನುವಾದದಲ್ಲಿ ಅದನ್ನು ಕ್ರಿಸ್ತಶಕದ ಮೊದಲ ಶತಮಾನಗಳತ್ತ ತಂದರು. ಎರಡನೆಯದು ಉದ್ದೇಶ. ಇವು ಪ್ರಭುತ್ವ ಅಧಿಕಾರಿಗೆ ವಿಧಿಸಿದ ನಿಯಮಗಳು, ಅಂಗಡಿಯವನ ಕೈಪಿಡಿ ಅಲ್ಲ. ಹಾಗಿದ್ದರೂ ಅಳತೆ, ಲೆಕ್ಕ, ಗಿರಾಕಿಯ ಬಗೆಗಿನ ಹೊಣೆ ಎಂಬ ಮೂರು ಅಂಶಗಳು ಇಲ್ಲಿ ಒಟ್ಟಿಗೇ ಕಾಣಿಸಿಕೊಂಡಿರುವುದು ಗಮನಾರ್ಹ. ಮುಂದಿನ ಇತಿಹಾಸವೆಲ್ಲ ಈ ಮೂರರ ಸುತ್ತಲೇ ಸುತ್ತುತ್ತದೆ.

ಅಚ್ಚಾದ ಕೈಪಿಡಿಗಳು ಮತ್ತು ‘ಮೊದಲಿಗ’ರ ವಿವಾದ

ಆಧುನಿಕ ಘಟ್ಟ ಅಮೆರಿಕದಲ್ಲಿ ಆರಂಭವಾಗುತ್ತದೆ. ಜೆರ್ರಿ ಥಾಮಸ್ ಬರೆದ ‘ಹೌ ಟು ಮಿಕ್ಸ್ ಡ್ರಿಂಕ್ಸ್’ 1862ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗುತ್ತಿದ್ದ ಕಸುಬು ಪುಸ್ತಕಕ್ಕೆ ಇಳಿದದ್ದು ಇದರಿಂದ ಎಂಬುದು ಸಾಮಾನ್ಯ ನಿರೂಪಣೆ. ಆದರೆ ಅದು ಮುಖ್ಯವಾಗಿ ಪಾಕವಿಧಾನಗಳ ಪುಸ್ತಕ.

ಹ್ಯಾರಿ ಜಾನ್ಸನ್ 1882ರಲ್ಲಿ ಹೊರತಂದ ಕೈಪಿಡಿಯ ಸ್ವರೂಪ ಬೇರೆ. ಬಾರ್, ಹೋಟೆಲು, ರೆಸ್ಟೋರೆಂಟುಗಳ ನಿರ್ವಹಣೆಗೆ ಬೇಕಾದ ಸೂಚನೆಗಳಿವೆ ಎಂದು ಅದರ ನಂತರದ ಮುದ್ರಣದ ಶೀರ್ಷಿಕೆಯೇ ಸಾರುತ್ತದೆ. ಕೆಲಸಗಾರನ ಉಡುಪು ಮತ್ತು ನಡತೆ, ಮಂಜುಗಡ್ಡೆ ಹಾಗೂ ಗಾಜಿನ ಸಾಮಾನಿನ ನಿಗಾ, ಕೌಂಟರಿನ ಶುಚಿ, ಚಿಲ್ಲರೆ ಕೊಡುವ ಕ್ರಮ ಮೊದಲಾದವು ಅದರಲ್ಲಿ ಪಾಕವಿಧಾನಕ್ಕಿಂತ ಮೊದಲು ಬರುತ್ತವೆ.

ಜಾನ್ಸನ್ ತಾನು 1860ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥದೊಂದು ಪುಸ್ತಕ ಪ್ರಕಟಿಸಿದ್ದಾಗಿ ಹೇಳಿಕೊಂಡಿದ್ದಾನೆ. ಅದು ನಿಜವಾದರೆ ಥಾಮಸ್ ಎರಡನೆಯವನಾಗುತ್ತಾನೆ. ಆದರೆ ಆ ಮುದ್ರಣದ ಒಂದು ಪ್ರತಿಯೂ ದೊರೆತಿಲ್ಲ. ಜಾನ್ಸನ್ ಹುಟ್ಟಿದ್ದು 1845ರಲ್ಲಿ ಎಂಬುದನ್ನು ಒಪ್ಪಿದರೆ ಆಗ ಅವನಿಗೆ 15 ವರ್ಷ. ಈ ಜಗಳದಲ್ಲಿ ಮುಖ್ಯ ಸಂಗತಿ ಮರೆಯಾಗುತ್ತದೆ. 1860ರ ಮಾತನ್ನು ಪಕ್ಕಕ್ಕಿಟ್ಟು 1882ರ ಪ್ರತಿಯನ್ನಷ್ಟೇ ನೋಡಿದರೂ, ನಿರ್ವಹಣೆಯನ್ನು ಪಾಠವಾಗಿ ಕಂಡವರ ಸಾಲಿನಲ್ಲಿ ಜಾನ್ಸನ್‌ಗೆ ಮೊದಲ ಸ್ಥಾನ ಸಲ್ಲುತ್ತದೆ.

ದಾಖಲೆಯಲ್ಲಿ ಇನ್ನೊಂದು ಕೊರತೆಯೂ ಇತ್ತು. ಅಮೆರಿಕದ ಬಾರುಗಳಲ್ಲಿ ದುಡಿದ ಕಪ್ಪು ಜನರ ಹೆಸರು ಹಳೆಯ ಇತಿಹಾಸಗಳಲ್ಲಿ ಅಪರೂಪ. ಸೇಂಟ್ ಲೂಯಿಸ್‌ನ ಕಂಟ್ರಿ ಕ್ಲಬ್ಬಿನಲ್ಲಿ ಕೆಲಸ ಮಾಡುತ್ತಿದ್ದ ಟಾಮ್ ಬುಲಕ್ 1917ರಲ್ಲಿ ‘ದಿ ಐಡಿಯಲ್ ಬಾರ್ಟೆಂಡರ್’ ಪ್ರಕಟಿಸಿದ. ಇಂಥ ಕೈಪಿಡಿ ಬರೆದ ಮೊದಲ ಆಫ್ರಿಕನ್ ಅಮೆರಿಕನ್ ಎಂದು ಅವನನ್ನು ಗುರುತಿಸಲಾಗಿದೆ. ಇತ್ತೀಚಿನ ಮರುಮುದ್ರಣಗಳು ಅವನನ್ನು ಚರ್ಚೆಗೆ ಮರಳಿ ತಂದಿವೆ.

ಗಲ್ಲಾಪೆಟ್ಟಿಗೆಯ ತಿರುವು

ಕೈಪಿಡಿಗಳಷ್ಟೇ ದೊಡ್ಡ ತಿರುವು ಒಂದು ಯಂತ್ರದಿಂದ ಬಂತು. ಒಹಾಯೊ ರಾಜ್ಯದ ಡೇಟನ್‌ನಲ್ಲಿ ಬಾರ್ ನಡೆಸುತ್ತಿದ್ದ ಜೇಮ್ಸ್ ರಿಟ್ಟಿಗೆ ವ್ಯಾಪಾರ ಚೆನ್ನಾಗಿದ್ದರೂ ಲಾಭ ಕೈಗೆ ಹತ್ತುತ್ತಿರಲಿಲ್ಲ, ಕೆಲಸಗಾರರು ಹಣವನ್ನು ಜೇಬಿಗೆ ಇಳಿಸುತ್ತಿದ್ದರು. ಹಡಗಿನಲ್ಲಿ ಯೂರೋಪಿಗೆ ಹೋಗುವಾಗ, ಚಾಲಕದಂಡ ಎಷ್ಟು ಸುತ್ತು ಸುತ್ತಿತೆಂದು ಎಣಿಸುವ ಸಾಧನ ಅವನ ಕಣ್ಣಿಗೆ ಬಿತ್ತು. ಊರಿಗೆ ಬಂದವನೇ ಸೋದರ ಜಾನ್ ಜೊತೆ ಸೇರಿ ಪ್ರತಿ ಮಾರಾಟವನ್ನೂ ದಾಖಲಿಸುವ ಯಂತ್ರ ರೂಪಿಸಿ 1879ರಲ್ಲಿ ಪೇಟೆಂಟ್ ಪಡೆದ. ಇಂದಿನ ಕ್ಯಾಷ್ ರಿಜಿಸ್ಟರಿನ ಮೂಲ ಇದೇ. ಲೋಕದ ಅಂಗಡಿಗಳೆಲ್ಲ ಬಳಸುವ ಗಲ್ಲಾ ಯಂತ್ರ ಹುಟ್ಟಿದ್ದು ಬಾರಿನ ಮಾಲೀಕನೊಬ್ಬನ ಕಷ್ಟದಿಂದ ಎಂಬುದನ್ನು ಪಾನೀಯದ ಇತಿಹಾಸಗಳು ಹೇಳುವುದು ಕಡಿಮೆ. ಮಾರಿದ್ದಕ್ಕೂ ಬಂದ ಹಣಕ್ಕೂ ತಾಳೆ ಹಾಕುವುದು ಕಲಿಯಬೇಕಾದ ವಿದ್ಯೆಯಾದದ್ದು ಇಲ್ಲಿಂದ ಮುಂದೆ.

ಪಾನನಿರೋಧದ ನಡುವೆ ತೆರೆದ ಶಾಲೆಗಳು

ಹೋಟೆಲ್ ಶಿಕ್ಷಣದ ಮೊದಲ ಪ್ರಸಿದ್ಧ ಶಾಲೆ 1893ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಆರಂಭವಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 1922ರಲ್ಲಿ ಹೋಟೆಲ್ ಆಡಳಿತದ ಪದವಿ ಪಾಠ ತೆರೆದಾಗ ದೇಶದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. 1920ರಲ್ಲಿ ಬಂದ ಆ ಕಾನೂನು ರದ್ದಾದದ್ದು 1933ರ ಡಿಸೆಂಬರಿನಲ್ಲಿ. ನ್ಯೂಯಾರ್ಕಿನ ಹೋಟೆಲ್ ಸಂಘ ಏಕರೂಪದ ಹೋಟೆಲ್ ಲೆಕ್ಕಪದ್ಧತಿಯನ್ನು 1926ರಲ್ಲಿ ಹೊರತಂದದ್ದೂ ಇದೇ ಅವಧಿಯಲ್ಲಿ.

ಭಾರತದಲ್ಲೂ ಇದೇ ಸನ್ನಿವೇಶ ಮರುಕಳಿಸಿತು. ಲೀಲಾವತಿ ಮುನ್ಷಿಯವರ ನೇತೃತ್ವದಲ್ಲಿ ಅಖಿಲ ಭಾರತ ಮಹಿಳಾ ಕೇಂದ್ರ ಆಹಾರ ಮಂಡಳಿ ದೇಶದ ಮೊದಲ ಹೋಟೆಲ್ ನಿರ್ವಹಣಾ ಸಂಸ್ಥೆಯನ್ನು 1954ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿತು. ಆಗ ಅಲ್ಲಿ 1949ರ ಮುಂಬಯಿ ಪಾನನಿರೋಧ ಕಾಯ್ದೆ ಜಾರಿಯಲ್ಲಿತ್ತು. ಸಂಸ್ಥೆಯ ಹೆಸರಿನಲ್ಲಿದ್ದ ಒತ್ತು ಅಡುಗೆ ಮತ್ತು ಪೋಷಣೆಯ ಮೇಲೆ. ಹೀಗೆ ಎರಡೂ ದೇಶಗಳ ಹೋಟೆಲ್ ಶಿಕ್ಷಣ ಮದ್ಯವನ್ನು ಹೊರಗಿಟ್ಟ ಕಾಲದಲ್ಲಿ ಕಣ್ಣುಬಿಟ್ಟಿತು. ಪಾನೀಯ ನಿರ್ವಹಣೆ ಪಠ್ಯದಲ್ಲಿ ಬಹುಕಾಲ ಆಹಾರ ಸೇವೆಯ ಬಾಲವಾಗಿಯೇ ಉಳಿದದ್ದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಉಳಿದ ಘಟ್ಟಗಳು ಚೆನ್ನಾಗಿ ದಾಖಲಾಗಿವೆ. ಬ್ರಿಟನ್ನಿನ ಬಾರ್ಟೆಂಡರುಗಳ ಸಂಘ 1930ರ ದಶಕದಲ್ಲಿ, ಅಂತರರಾಷ್ಟ್ರೀಯ ಸಂಘ 1951ರಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಹುಟ್ಟಿದವು. ವೈನ್ ಪರಿಣತಿಯನ್ನು ಅಳೆಯುವ ಮಾಸ್ಟರ್ ಆಫ್ ವೈನ್ ಪರೀಕ್ಷೆ 1953ರಲ್ಲಿ, ವೈನ್ ಬಡಿಸುವವರ ಮಾಸ್ಟರ್ ಸೊಮೆಲಿಯೆ ಪರೀಕ್ಷೆ 1969ರಲ್ಲಿ ಮೊದಲಾದವು; ಅದೇ 1969ರಲ್ಲಿ ಲಂಡನ್ನಿನಲ್ಲಿ ವೈನ್ ಅಂಡ್ ಸ್ಪಿರಿಟ್ ಎಜುಕೇಷನ್ ಟ್ರಸ್ಟ್ ಸ್ಥಾಪನೆಯಾಯಿತು. ಭಾರತದಲ್ಲಿ ಹೋಟೆಲ್ ನಿರ್ವಹಣಾ ಶಿಕ್ಷಣಕ್ಕೆ ರಾಷ್ಟ್ರೀಯ ಮಂಡಳಿ 1982ರಲ್ಲಿ ರೂಪುಗೊಂಡಿತು. ಸೋನಲ್ ಹಾಲೆಂಡ್ 2016ರಲ್ಲಿ ಮಾಸ್ಟರ್ ಆಫ್ ವೈನ್ ಆದ ಮೊದಲ ಭಾರತೀಯರು.

ಪಾಠದ ತಿರುಳು

ಈ ಎಲ್ಲ ಶಾಲೆಗಳಲ್ಲಿ ಕ್ರಮೇಣ ನೆಲೆಗೊಂಡ ಮುಖ್ಯ ಪಾಠ ಪಾನೀಯ ವೆಚ್ಚದ ಲೆಕ್ಕ. ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿ, ಕೊನೆಯ ದಾಸ್ತಾನನ್ನು ಕಳೆದರೆ ಖರ್ಚಾದ ಮಾಲಿನ ಬೆಲೆ ಸಿಗುತ್ತದೆ. ಅದು ಮಾರಾಟದ ಎಷ್ಟು ಪಾಲು ಎಂಬುದೇ ಬಾರಿನ ಆರೋಗ್ಯದ ಗುರುತು. ಉದಾಹರಣೆಗೆ, ತಿಂಗಳ ಮೊದಲ ದಿನ 2 ಲಕ್ಷ ರೂಪಾಯಿಯ ಮಾಲು ಇದ್ದು, 5 ಲಕ್ಷದ ಖರೀದಿಯಾಗಿ, ಕೊನೆಗೆ 2.5 ಲಕ್ಷದ ಮಾಲು ಉಳಿದರೆ ಖರ್ಚು 4.5 ಲಕ್ಷ. ಮಾರಾಟ 15 ಲಕ್ಷವಾಗಿದ್ದರೆ ವೆಚ್ಚ ಶೇ 30.

ಅಳತೆಯ ಪಾಠ ಇದಕ್ಕೆ ಜೋಡಿ. 750 ಮಿ.ಲೀ. ಬಾಟಲಿಯಲ್ಲಿ 30 ಮಿ.ಲೀ.ನ 25 ಪೆಗ್ ಇವೆ. ಅಳತೆಯ ಲೋಟ ಬಿಟ್ಟು ಕೈಅಂದಾಜಿನಲ್ಲಿ ಸುರಿದು ಪ್ರತಿ ಪೆಗ್‌ಗೆ 3 ಮಿ.ಲೀ. ಹೆಚ್ಚು ಹೋದರೆ ಪೂರ್ತಿ ಸಿಗುವುದು 22 ಪೆಗ್ ಮಾತ್ರ. ಕಡಿಮೆ ಸುರಿದರೆ ಗಿರಾಕಿಗೆ ಮೋಸ, ಹೆಚ್ಚು ಸುರಿದರೆ ಮಾಲೀಕನಿಗೆ ನಷ್ಟ. ಡೆನ್ನಿಸ್ ಲಿಲಿಕ್ರಾಪ್ ಅವರ ಆಹಾರ ಮತ್ತು ಪಾನೀಯ ಸೇವೆಯ ಪಠ್ಯ ಮೊದಲು ಪ್ರಕಟವಾದದ್ದು 1971ರಲ್ಲಿ. ಭಾರತದ ಹೋಟೆಲ್ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಅದನ್ನು ಓದಿ ಬಂದಿವೆ.

ಮಹಿಳೆಯರು: ಕಲಿಕೆಯಿಂದ ನ್ಯಾಯಾಲಯಕ್ಕೆ

ಲಂಡನ್ನಿನ ಸವಾಯ್ ಹೋಟೆಲಿನ ಅಮೆರಿಕನ್ ಬಾರಿನಲ್ಲಿ ಏಡಾ ಕೋಲ್‌ಮನ್ 1903ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಮುಖ್ಯಸ್ಥೆಯಾಗಿದ್ದರು. ಇಂಥ ಹೆಸರುಗಳಿದ್ದರೂ ಕಾನೂನು ಅಡ್ಡ ನಿಂತಿತ್ತು. ಬಾರ್ ಮಾಲೀಕನ ಹೆಂಡತಿ ಅಥವಾ ಮಗಳಲ್ಲದ ಹೆಣ್ಣು ಬಾರ್ಟೆಂಡರ್ ಆಗಬಾರದೆಂಬ ಮಿಶಿಗನ್ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಎತ್ತಿಹಿಡಿಯಿತು.

ಭಾರತದಲ್ಲಿ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಮು, ಮದ್ಯ ಸೇವಿಸುವ ಜಾಗದಲ್ಲಿ ಹೆಂಗಸರನ್ನೂ 25 ವರ್ಷ ತುಂಬದ ಗಂಡಸರನ್ನೂ ಕೆಲಸಕ್ಕಿಡಕೂಡದೆಂದು ವಿಧಿಸಿತ್ತು. ದೆಹಲಿಗೂ ಅದು ಅನ್ವಯವಾಗಿತ್ತು. ಹೆಂಗಸರ ಮೇಲಿನ ನಿರ್ಬಂಧ ಸಂವಿಧಾನಬಾಹಿರವೆಂದು ದೆಹಲಿ ಹೈಕೋರ್ಟ್ ನೀಡಿದ ತೀರ್ಪನ್ನು ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ, ಅನುಜ್ ಗರ್ಗ್ ಮತ್ತು ಭಾರತೀಯ ಹೋಟೆಲ್ ಸಂಘದ ನಡುವಿನ ಪ್ರಕರಣದಲ್ಲಿ ಎತ್ತಿಹಿಡಿಯಿತು. ಹೋಟೆಲ್ ನಿರ್ವಹಣೆ ಓದಿದ ಯುವಕ ಯುವತಿಯರು ಎಳೆಯ ವಯಸ್ಸಿನಲ್ಲೇ ಪದವಿ ಮುಗಿಸುತ್ತಾರೆ, ನಿಷೇಧ ಉಳಿದರೆ ಅವರ ಓದು ವ್ಯರ್ಥವಾಗುತ್ತದೆ ಎಂಬ ವಿಚಾರವನ್ನು ನ್ಯಾಯಾಲಯ ಪರಿಗಣಿಸಿತು. ಲಿಂಗ ಸಮಾನತೆಯ ತೀರ್ಪೆಂದೇ ಪ್ರಸಿದ್ಧವಾದ ಇದಕ್ಕೆ ಈ ವಿದ್ಯೆಯ ಇತಿಹಾಸದಲ್ಲೂ ದೊಡ್ಡ ಸ್ಥಾನವಿದೆ. ಕಲಿತವರಿಗೆ ಕಲಿತ ಕೆಲಸ ಮಾಡುವ ಹಕ್ಕನ್ನು ಅದು ಗಟ್ಟಿಮಾಡಿತು.

ಕಲಿಕೆ ಕಡ್ಡಾಯವಾದದ್ದು

ಕೊನೆಯ ದೊಡ್ಡ ತಿರುವು ಹೊಣೆಗಾರಿಕೆಯ ಪಾಠದ್ದು. ಗಿರಾಕಿ ಎಷ್ಟು ಕುಡಿದಿದ್ದಾನೆಂದು ಗುರುತಿಸುವುದು, ವಯಸ್ಸು ಪರಿಶೀಲಿಸುವುದು, ಅಮಲೇರಿದವರಿಗೆ ಇನ್ನು ಸಾಕೆಂದು ನಯವಾಗಿ ಹೇಳುವುದು, ಅವರನ್ನು ಸುರಕ್ಷಿತವಾಗಿ ಮನೆಗೆ ಕಳಿಸುವುದು ಇದರಲ್ಲಿ ಸೇರಿವೆ. ಅಮೆರಿಕದ ಓರೆಗಾನ್ ರಾಜ್ಯ 1986ರ ಕೊನೆಯಲ್ಲಿ ಮದ್ಯ ಬಡಿಸುವವರಿಗೆಲ್ಲ ಇಂಥ ತರಬೇತಿಯನ್ನು ಕಡ್ಡಾಯ ಮಾಡಿತು. ಹೋಲ್ಡರ್ ಮತ್ತು ವ್ಯಾಗೆನಾರ್ 1994ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ರಾತ್ರಿ ವೇಳೆ ಒಂದೇ ವಾಹನ ಸಿಲುಕುವ ಅಪಘಾತಗಳು ಮೂರು ವರ್ಷಗಳ ಬಳಿಕ ಶೇ 23ರಷ್ಟು ಇಳಿದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರಿನಲ್ಲಿ ಜಾರಿಗೆ ಬಂದಾಗ, ಮದ್ಯ ಮಾರಾಟದ ವೈಯಕ್ತಿಕ ಪರವಾನಗಿಗೆ ನಿಗದಿತ ಅರ್ಹತೆ ಅಗತ್ಯವಾಯಿತು. ಕ್ಯಾಲಿಫೋರ್ನಿಯ 2022ರಲ್ಲಿ ಬಡಿಸುವವರಿಗೂ ಅವರ ಮೇಲ್ವಿಚಾರಕರಿಗೂ ಪ್ರಮಾಣಪತ್ರ ಕಡ್ಡಾಯಗೊಳಿಸಿತು.

ಕರ್ನಾಟಕದಲ್ಲಿ

ಕರ್ನಾಟಕದ ಬಾರ್ ಅಂಡ್ ರೆಸ್ಟೋರೆಂಟುಗಳಲ್ಲಿ ನಿರ್ವಹಣೆಯ ಕಲಿಕೆ ಹೆಚ್ಚಾಗಿ ಕೆಲಸದ ಜಾಗದಲ್ಲೇ ನಡೆದಿದೆ. ಟೇಬಲ್ ಒರೆಸುವ ಹುಡುಗ ಸಪ್ಲೈಯರ್ ಆಗಿ, ಕೌಂಟರಿಗೆ ಬಂದು, ಕ್ಯಾಷಿಯರ್ ಆಗಿ, ಕೊನೆಗೆ ಮ್ಯಾನೇಜರ್ ಆಗುವುದು ಪರಿಚಿತ ಹಾದಿ. ಇದರ ಪಕ್ಕದಲ್ಲೇ ಕಾಲೇಜಿನ ಹಾದಿ ಬೆಳೆಯಿತು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಆವರಣದ ಹೋಟೆಲ್ ನಿರ್ವಹಣಾ ಸಂಸ್ಥೆ, ಮಣಿಪಾಲದಲ್ಲಿ 1986ರಲ್ಲಿ ಆರಂಭವಾದ ವೆಲ್‌ಕಮ್‌ಗ್ರೂಪ್ ಸಂಸ್ಥೆ ಇದರಲ್ಲಿ ಮುಖ್ಯವಾದವು.

ಇಲ್ಲಿನ ಮ್ಯಾನೇಜರು ಕಲಿಯಬೇಕಾದ ಕೆಲವು ಪಾಠಗಳು ವಿದೇಶೀ ಪಠ್ಯದಲ್ಲಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು 1968ರ ಮಾರಾಟ ನಿಯಮಗಳಡಿ ಸನ್ನದುಗಳು ಬೇರೆ ಬೇರೆ: ಕುಡಿಯಲು ಅವಕಾಶವಿಲ್ಲದ ಚಿಲ್ಲರೆ ಅಂಗಡಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿಗೃಹಕ್ಕೆ ಸಿಎಲ್-7, ಬಾರಿಗೆ ಸಿಎಲ್-9. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಸಗಟು ವ್ಯಾಪಾರವನ್ನು ವಹಿಸಿಕೊಂಡ ಮೇಲೆ ಖರೀದಿಯ ಅಧ್ಯಾಯವೇ ಬದಲಾಯಿತು. ಪಠ್ಯಪುಸ್ತಕ ಕಲಿಸುವ ಚೌಕಾಸಿಗೆ ಇಲ್ಲಿ ಎಡೆ ಕಡಿಮೆ. ನಿಗಮದ ಡಿಪೋದಿಂದ ಯಾವಾಗ, ಎಷ್ಟು ಎತ್ತಬೇಕೆಂಬ ಅಂದಾಜೇ ಮ್ಯಾನೇಜರನ ಜಾಣ್ಮೆ.

ವಯಸ್ಸಿನ ವಿಷಯದಲ್ಲಿ ದಾಖಲೆಯೇ ಗೊಂದಲಮಯ. ಕಾಯ್ದೆಯ 36ನೇ ಕಲಮು 18 ವರ್ಷ ಎನ್ನುತ್ತದೆ; ಸನ್ನದುಗಳ ಸಾಮಾನ್ಯ ಷರತ್ತುಗಳ 1967ರ ನಿಯಮ 21 ವರ್ಷ ಎನ್ನುತ್ತದೆ. ನಿಯಮವನ್ನೂ 18ಕ್ಕೆ ಇಳಿಸುವ ಕರಡನ್ನು ಸರ್ಕಾರ 2023ರ ಜನವರಿಯಲ್ಲಿ ಪ್ರಕಟಿಸಿ, ಸಾರ್ವಜನಿಕ ವಿರೋಧದ ಬಳಿಕ ಅದೇ ತಿಂಗಳು ಹಿಂದಕ್ಕೆ ಪಡೆಯಿತು.

ಒಟ್ಟು ನೋಟ

ಪ್ರಸಿದ್ಧ ಪಾನೀಯಗಳ ಪಟ್ಟಿಯಿಂದ ಈ ವಿದ್ಯೆಯ ಬೆಳವಣಿಗೆ ಅರ್ಥವಾಗುವುದಿಲ್ಲ. ಲೆಕ್ಕಕ್ಕೆ ಯಂತ್ರ ಬಂದ 1879, ನಿರ್ವಹಣೆ ಅಚ್ಚಾದ 1882, ತರಬೇತಿ ಕಡ್ಡಾಯವಾದ 1986, ಓದಿದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ 2007 ಇವೇ ಅದರ ನಿಜವಾದ ಮೈಲಿಗಲ್ಲುಗಳು. ಅಮಲೇರಿದ ಗಿರಾಕಿಯ ನಷ್ಟಕ್ಕೆ ಅಂಗಡಿಯವನೇ ಹೊಣೆ ಎಂದು ಮೈಸೂರಿನ ತಾಳೆಗರಿಯಲ್ಲಿ ಬರೆದಿತ್ತು. ಆ ಹೊಣೆಯನ್ನು ತರಗತಿಯಲ್ಲಿ ಕಲಿಸಬಹುದು, ಕಲಿಸಿದರೆ ಅಪಘಾತ ತಗ್ಗುತ್ತದೆ ಎಂಬುದನ್ನು ಓರೆಗಾನ್‌ನ ಅನುಭವ ಸೂಚಿಸಿದೆ. ಟೇಬಲಿನ ಬಳಿ ನಿಂತು ಗಿರಾಕಿಯ ಮುಖ ನೋಡುವವನು ಸಪ್ಲೈಯರ್. ಕರ್ನಾಟಕದಲ್ಲಿ ಈ ಪಾಠ ಅವನ ಭಾಷೆಯಲ್ಲಿ ಅವನವರೆಗೆ ತಲುಪಬೇಕು.