ಮಣಿಪಾಲದ ವಿದೇಶಿ ವಿದ್ಯಾರ್ಥಿಗೆ ಉಡುಪಿ ಬಸ್ಸಿನ ಮಾಹಿತಿ

ಉಡುಪಿ: ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕೆ ತೆರಳಿದ ಕರಾವಳಿಯವರಿಗೆ ಪರದೇಶದ ಸಾರಿಗೆ ಹೊಸತಲ್ಲ. 2009ರಲ್ಲಿ ಆರಂಭವಾದ ದುಬೈ ಮೆಟ್ರೋದಲ್ಲಿ ನಿಲ್ದಾಣದ ಹೆಸರು ಅರಬಿ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಯಾರನ್ನೂ ಕೇಳದೆ ಪ್ರಯಾಣಿಸಬಹುದು. ಮಣಿಪಾಲಕ್ಕೆ ಬರುವ ವಿದೇಶಿ ವಿದ್ಯಾರ್ಥಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಬಸ್ಸುಗಳಿಗೆ ಕೊರತೆಯಿಲ್ಲ. ಆದರೆ ಮಾಹಿತಿ ಇರುವುದು ಬಹುಮಟ್ಟಿಗೆ ನಿರ್ವಾಹಕರ ಬಾಯಲ್ಲಿ.

ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ ಸ್ಥಾಪನೆಯಾದ ಬಳಿಕ ಮಣಿಪಾಲ ಶಿಕ್ಷಣ ಕೇಂದ್ರವಾಗಿ ಬೆಳೆಯಿತು. 1997ರಲ್ಲಿ ಆರಂಭವಾದ ಮೆಲಕಾ ಮಣಿಪಾಲ ವೈದ್ಯಕೀಯ ಕಾಲೇಜಿನಿಂದಾಗಿ ಮಲೇಶ್ಯಾದ ವಿದ್ಯಾರ್ಥಿಗಳೂ ದೊಡ್ಡ ಸಂಖ್ಯೆಯಲ್ಲಿ ಬಂದರು.

ಎಲ್ಲಿಂದ, ಎಲ್ಲಿಗೆ?
ಮಣಿಪಾಲದಿಂದ ಸುಮಾರು 5 ಕಿ.ಮೀ. ದೂರದ ಉಡುಪಿಗೆ ಸಿಟಿ ಬಸ್ಸುಗಳು ನಿರಂತರವಾಗಿ ಓಡಾಡುತ್ತವೆ. ಕೊಂಕಣ ರೈಲ್ವೆಯ ಉಡುಪಿ ನಿಲ್ದಾಣವಿರುವ ಇಂದ್ರಾಳಿ ಇದೇ ದಾರಿಯಲ್ಲಿದೆ. ದೂರದ ಊರುಗಳಿಗೆ ಉಡುಪಿಯ ಸರ್ವಿಸ್ ಬಸ್ ನಿಲ್ದಾಣಕ್ಕೆ ಹೋಗಬೇಕು. ಕಾಪು, ಪಡುಬಿದ್ರಿಗಳು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನ ಹಾದಿಯಲ್ಲಿವೆ. ಕಾರ್ಕಳ ಒಳನಾಡಿನಲ್ಲಿದ್ದು, ಮಣಿಪಾಲದಿಂದ ಹಿರಿಯಡಕ, ಬೈಲೂರು ಮೂಲಕ ತಲುಪಬಹುದು. ಪೇಟೆಗೆ ರೈಲು ಸಂಪರ್ಕವಿಲ್ಲ. ಎಕ್ಸ್‌ಪ್ರೆಸ್ ಬಸ್ಸುಗಳು ಎಲ್ಲ ಕಡೆ ನಿಲ್ಲುವುದಿಲ್ಲವಾದ್ದರಿಂದ, ಹತ್ತುವ ಮೊದಲೇ ವಿಚಾರಿಸುವುದು ಉತ್ತಮ.

ಉಚಿತ ಪ್ರಯಾಣ ಯಾರಿಗೆ?
ರಾಜ್ಯ ಸರಕಾರದ ‘ಶಕ್ತಿ’ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂತು. ಇದು ಸರಕಾರಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ, ಕರ್ನಾಟಕ ನಿವಾಸಿ ಮಹಿಳೆಯರಿಗೆ ಮಾತ್ರ. ಉಡುಪಿಯಲ್ಲಿ ಖಾಸಗಿ ಬಸ್ಸುಗಳದೇ ಪ್ರಾಬಲ್ಯ. ಅವುಗಳಲ್ಲಿ ಎಲ್ಲರೂ ಟಿಕೆಟ್ ಪಡೆಯಬೇಕು.

ತಿಳಿದಿರಬೇಕಾದ ಮಾತು
ನಿರ್ವಾಹಕರು ತುಳುವಿನಲ್ಲಿ ‘ಓಡೆ?’ ಎಂದರೆ ‘ಎಲ್ಲಿಗೆ?’, ‘ದುಂಬು ಪೋಲೆ’ ಎಂದರೆ ‘ಮುಂದೆ ಹೋಗಿ’, ‘ಜಪ್ಪುಲೆ’ ಎಂದರೆ ‘ಇಳಿಯಿರಿ’. ‘ಏತ್?’ ಎಂದು ಕೇಳಿದರೆ ದರ ತಿಳಿಯುತ್ತದೆ. ಇಳಿಯುವ ಸ್ಥಳದ ಹೆಸರನ್ನು ಟಿಕೆಟ್ ಪಡೆಯುವಾಗಲೇ ಸ್ಪಷ್ಟವಾಗಿ ಹೇಳಬೇಕು.

ಬಸ್ಸಿನ ಫಲಕ ಅನೇಕ ವೇಳೆ ಕನ್ನಡದಲ್ಲಿ ಮಾತ್ರ ಇರುತ್ತದೆ. ಕಾಪು, ಕಾರ್ಕಳ ಎರಡೂ ‘ಕಾ’ ಅಕ್ಷರದಿಂದಲೇ ಆರಂಭವಾಗುವುದರಿಂದ ಮೊದಲ ಅಕ್ಷರವನ್ನಷ್ಟೇ ಗುರುತಿಸಿ ಹತ್ತಿದವರು ಸಮುದ್ರದ ಬದಲು ಘಟ್ಟದ ಬುಡದತ್ತ ಸಾಗಬೇಕಾದೀತು. ಸಂಜೆ ಕಾಪುವಿನ ದೀಪಸ್ತಂಭ ನೋಡಲು ಹೋಗುವವರು ಮರಳುವ ಬಸ್ಸಿನ ವೇಳೆಯನ್ನು ಮೊದಲೇ ಕೇಳಿಕೊಳ್ಳಬೇಕು. ರಾತ್ರಿಯಾದಂತೆ ಬಸ್ಸುಗಳು ವಿರಳವಾಗುತ್ತವೆ, ಉಳಿಯುವುದು ದುಬಾರಿ ರಿಕ್ಷಾ ಬಾಡಿಗೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ: ಈ ನಾಲ್ಕು ಹೆಸರುಗಳನ್ನು ಕನ್ನಡದಲ್ಲಿ ಓದಲು ಒಂದು ಸಂಜೆ ಸಾಕು. ಫಲಕದಲ್ಲಿ ಇಂಗ್ಲಿಷ್ ಹೆಸರನ್ನೂ ಬರೆಸಲು ಬಸ್ ಮಾಲೀಕರಿಗೆ ತಗಲುವ ಖರ್ಚೂ ಅಲ್ಪವೇ. ಎರಡೂ ಕಡೆಯಿಂದ ಇಷ್ಟು ನಡೆದರೆ ದೂರದೇಶದಿಂದ ಬಂದವರಿಗೆ ಈ ಜಿಲ್ಲೆ ಇನ್ನಷ್ಟು ಹತ್ತಿರವಾಗುವುದರಲ್ಲಿ ಸಂಶಯವಿಲ್ಲ.