ಅಯಸ್ಕಾಂತದ ಬಲಕ್ಕೆ ಕಂಪ್ಯೂಟರಿನಲ್ಲಿ ಪರೀಕ್ಷೆ

ನಿಯೋಡೈಮಿಯಮ್, ಕಬ್ಬಿಣ, ಬೋರಾನ್ ಸೇರಿದ ಶಾಶ್ವತ ಅಯಸ್ಕಾಂತವನ್ನು 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವಾ ಮತ್ತು ಅಮೆರಿಕದ ಜಾನ್ ಕ್ರೋಟ್ ಪ್ರತ್ಯೇಕವಾಗಿ ರೂಪಿಸಿದರು. ಇಂದು ಬಹುಪಾಲು ವಿದ್ಯುತ್ ಕಾರುಗಳ ಮೋಟರುಗಳೂ ಕಡಲಿನಲ್ಲಿ ನಿಂತ ಅನೇಕ ಗಾಳಿಯಂತ್ರಗಳೂ ಇದನ್ನೇ ನೆಚ್ಚಿವೆ.

ಬಿಸಿಯೇ ಶತ್ರು
ಮೋಟರಿನೊಳಗಿನ ತಾಪ 150 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಆಗ ಎದುರು ಕಾಂತಕ್ಷೇತ್ರವನ್ನು ತಾಳಿಕೊಳ್ಳುವ ಅಯಸ್ಕಾಂತದ ಶಕ್ತಿ ಕುಗ್ಗುತ್ತದೆ. ಅದನ್ನು ಉಳಿಸಲು ಡಿಸ್ಪ್ರೋಸಿಯಮ್ ಬೆರೆಸುತ್ತಾರೆ. ಆದರೆ ಆ ಲೋಹ ವಿರಳ, ದುಬಾರಿ. ದಕ್ಷಿಣ ಚೀನಾದಲ್ಲಿ ಅದರ ಗಣಿಗಾರಿಕೆ ನೆಲ, ನೀರು ಎರಡನ್ನೂ ಕೆಡಿಸಿದೆ.

ಹರಳಿನೊಳಗಿನ ಲೆಕ್ಕ
ಅಯಸ್ಕಾಂತವೆಂದರೆ ಕೆಲವೇ ಮೈಕ್ರೋಮೀಟರ್ ಗಾತ್ರದ ಹರಳುಗಳ ಒಟ್ಟಣೆ. ಡಿಸ್ಪ್ರೋಸಿಯಮ್ ಎಲ್ಲಿ ಬೇಕೆಂದು ತಿಳಿಯಲು ಕಂಪ್ಯೂಟರ್ ಮಾದರಿಯು ಈ ಹರಳುಗಳನ್ನು ನ್ಯಾನೋಮೀಟರ್ ಅಳತೆಯ ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿನ ಕಾಂತದಿಕ್ಕು ಹೇಗೆ ತಿರುಗುತ್ತದೆಂದು ಲೆಕ್ಕ ಹಾಕುತ್ತದೆ. ಭೌತವಿಜ್ಞಾನಿಗಳಾದ ಲ್ಯಾಂಡೌ ಮತ್ತು ಲಿಫ್ಶಿಟ್ಸ್ 1935ರಲ್ಲಿ ಮಂಡಿಸಿದ ಸಮೀಕರಣ ಇದಕ್ಕೆ ಆಧಾರ.

ಫಲ
ಕಾಂತತ್ವ ಮೊದಲು ಸೋಲುವುದು ಹರಳಿನ ಅಂಚು, ಮೂಲೆಗಳಲ್ಲಿ ಎಂದು ಈ ಲೆಕ್ಕ ತೋರಿಸುತ್ತದೆ. ಹಾಗಾಗಿ ಡಿಸ್ಪ್ರೋಸಿಯಮ್ ಹರಳಿನ ತುಂಬ ಬೇಕಿಲ್ಲ. ತೆಳುವಾದ ಹೊರಪದರದಲ್ಲಿದ್ದರೂ ಅದು ಬಲವಾದ ರಕ್ಷಣೆ ನೀಡುತ್ತದೆ. ಕುಲುಮೆ ಹೊತ್ತಿಸುವ ಮೊದಲೇ ಉತ್ತಮ ರಚನೆಯನ್ನು ಆರಿಸಿಕೊಳ್ಳಬಹುದು, ವಿರಳ ಲೋಹವನ್ನು ಉಳಿಸಬಹುದು. ಶುದ್ಧ ಇಂಧನದ ಯಂತ್ರಗಳು ತಯಾರಿಕೆಯಲ್ಲೂ ಶುದ್ಧವಾಗಲು ಇದು ಅಗತ್ಯದ ಹೆಜ್ಜೆ.